ಹೆಸರಿಲ್ಲದ ಋಣ

ಇಬ್ಬರು ಚಿತ್ರಕಾರರನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಏನು ಬರುತ್ತದೆ? ಮಕ್ಕಳಾಟದ ಪ್ರಶ್ನೆ ಎನ್ನಿಸಬಹುದು. ಆದರೆ ಕಳೆದ ಕೆಲವು ವರ್ಷಗಳಿಂದ ಜಗತ್ತಿನ ಮೂಲೆಮೂಲೆಗಳಲ್ಲಿ ಜನ ತಮ್ಮ ಕೋಣೆಯ ಕಂಪ್ಯೂಟರಿನಲ್ಲಿ ಹೆಚ್ಚುಕಡಿಮೆ ಇದೇ ಲೆಕ್ಕ ಮಾಡುತ್ತಿದ್ದಾರೆ. ನಾನೂ ಮಾಡಿದ್ದೇನೆ. ನನ್ನ ಲೆಕ್ಕದಲ್ಲಿರುವವರು ಇಬ್ಬರಲ್ಲ, ಎಷ್ಟು ಸಾವಿರ ಮಂದಿ ಎಂದು ಹೇಳಲು ಬಾರದಷ್ಟು ಚಿತ್ರಕಾರರು. ಅವರೆಲ್ಲ ಕೂಡಿ, ಭಾಗವಾಗಿ, ಎರಡು ಗಿಗಾಬೈಟಿನ ಒಂದು ಫೈಲಾಗಿ ನನ್ನ ಲ್ಯಾಪ್‌ಟಾಪಿನಲ್ಲಿದ್ದಾರೆ. ಮಳೆಯಲ್ಲಿ ಬಸ್ಸಿಗೆ ಕಾಯುತ್ತಿರುವ ಹುಡುಗಿ, ಗಿಡ್ಡ ಕೂದಲು, ಶಾಲೆಯ ಸಮವಸ್ತ್ರ, ಸಂಜೆ ಎಂಬರ್ಥದ ನಾಲ್ಕಾರು ಇಂಗ್ಲಿಷ್ ಪದಗಳನ್ನು ಬರೆದು ಗುಂಡಿ ಒತ್ತಿದರೆ, ಸ್ವಲ್ಪ ಹೊತ್ತಿನಲ್ಲಿ ಅನಿಮೆ ಶೈಲಿಯ ಚಿತ್ರವೊಂದು ಮೂಡುತ್ತದೆ. ಚೆನ್ನಾಗಿಯೂ ಇರುತ್ತದೆ.

ಇದು ಕಲೆಯೇ, ಕಳ್ಳತನವೇ ಎಂಬ ಜಗಳ ಸಾಕಷ್ಟು ನಡೆದಿದೆ, ಇನ್ನೂ ನಡೆಯುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಅದಕ್ಕಿಂತ ಸಣ್ಣದು. ಈ ಚಿತ್ರಕ್ಕಾಗಿ ನಾನು ಯಾರಿಗಾದರೂ ಋಣಿಯಾಗಿದ್ದರೆ, ಯಾರಿಗೆ?

ಮೊದಲು ಈ ಬೆರಕೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಹೇಳಬೇಕು, ಏಕೆಂದರೆ ಪ್ರಶ್ನೆಯ ಬೇರು ಅಲ್ಲೇ ಇದೆ. 2022ರ ಆಗಸ್ಟ್‌ನಲ್ಲಿ ಸ್ಟೇಬಲ್ ಡಿಫ್ಯೂಷನ್ ಎಂಬ ಮಾಡೆಲ್ ಸಾರ್ವಜನಿಕರ ಕೈಗೆ ಬಂತು. ಯಾರು ಬೇಕಾದರೂ ಇಳಿಸಿಕೊಂಡು ತಮ್ಮ ಯಂತ್ರದಲ್ಲೇ ಓಡಿಸಬಹುದಾದ ಮಾಡೆಲ್ ಅದು. ಅದು ಕಲಿತದ್ದು ಲೇಯಾನ್ ಎಂಬ ಸಂಗ್ರಹದ ಭಾಗಗಳಿಂದ. ಆ ಸಂಗ್ರಹದಲ್ಲಿ ಅಂತರ್ಜಾಲದಿಂದ ಬಾಚಿದ, ಚಿತ್ರ ಮತ್ತು ವಿವರಣೆಯ ಸುಮಾರು 585 ಕೋಟಿ ಜೋಡಿಗಳಿದ್ದವು. ಕಲಿಕೆ ಮುಗಿದ ಮೇಲೆ ಮಾಡೆಲ್‌ನಲ್ಲಿ ಉಳಿಯುವುದು ಸಂಖ್ಯೆಗಳು. ಮೊದಲ ಆವೃತ್ತಿಗಳಲ್ಲಿ ಚಿತ್ರವನ್ನು ಮೂಡಿಸುವ ಮುಖ್ಯ ಭಾಗವೊಂದರಲ್ಲೇ ಸುಮಾರು 86 ಕೋಟಿ ಸಂಖ್ಯೆಗಳು. ಒಂದು ಕಣ್ಣು ಹೇಗಿರಬೇಕು, ನೆರಳು ಎಲ್ಲಿ ಬೀಳಬೇಕು ಎಂಬ ತಿಳಿವು ಆ ಸಂಖ್ಯೆಗಳ ಉದ್ದಗಲಕ್ಕೂ ಹರಡಿಕೊಂಡಿರುತ್ತದೆ. ಇದು ಇಂಥ ಚಿತ್ರದಿಂದ ಬಂತು ಎಂದು ಯಾವ ಒಂದು ಸಂಖ್ಯೆಯ ಮೇಲೂ ಬೆರಳಿಡಲಾಗದು.

ಇಂಥ ಮಾಡೆಲ್ ಒಂದಕ್ಕೆ ಬೇರೆಬೇರೆಯವರು ಬೇರೆಬೇರೆ ಚಿತ್ರಗಳನ್ನು ತೋರಿಸಿ ಹೆಚ್ಚಿನ ಪಾಠ ಹೇಳುತ್ತಾರೆ. ಒಂದು ನೀರುಬಣ್ಣದಂತೆ ಬರೆಯಲು ಕಲಿಯುತ್ತದೆ, ಇನ್ನೊಂದು ಹೊಳಪಿನ ಕಣ್ಣುಗಳನ್ನು ಕಲಿಯುತ್ತದೆ. ಮರ್ಜ್ ಎಂದರೆ ಇವೆರಡರ ಸಂಖ್ಯೆಗಳ ತೂಕದ ಸರಾಸರಿ. ಮೊದಲನೆಯದಕ್ಕೆ 0.7, ಎರಡನೆಯದಕ್ಕೆ 0.3 ಎಂದು ಕೊಟ್ಟರೆ ಯಂತ್ರ ಒಂದೊಂದು ಸಂಖ್ಯೆಯನ್ನೂ ಅದೇ ಪ್ರಮಾಣದಲ್ಲಿ ಬೆರೆಸುತ್ತದೆ. ಇನ್ನೊಂದು ವಿಧಾನವೂ ಉಂಟು: ಎರಡನೆಯ ಮಾಡೆಲ್‌ನಿಂದ ಅದರ ಮೂಲವನ್ನು ಕಳೆದು, ಅದು ಹೊಸದಾಗಿ ಕಲಿತದ್ದಿಷ್ಟನ್ನೇ ಮೊದಲನೆಯದಕ್ಕೆ ಕೂಡಿಸುವುದು. ಈ ಕೂಡು-ಕಳೆ ಎಲ್ಲ ಮಾಡೆಲ್‌ಗಳ ನಡುವೆ ಸಾಗುವುದಿಲ್ಲ. ಒಂದೇ ಮೂಲದಿಂದ ಹೊರಟ ಮಾಡೆಲ್‌ಗಳಾದರೆ ಬೆರಕೆ ಹೊಂದಿಕೊಳ್ಳುತ್ತದೆ. ಸಂಬಂಧವಿಲ್ಲದವನ್ನು ಬೆರೆಸಿದರೆ ಬರುವುದು ಬರೀ ಗೀಚು. ಅಂದರೆ ಬೆರಕೆಗೆ ರಕ್ತಸಂಬಂಧ ಬೇಕು.

ಇದರಲ್ಲಿ ಸಂತೋಷವಿಲ್ಲ ಎಂದರೆ ಸುಳ್ಳಾಗುತ್ತದೆ. ಥೀಸಿಸ್ಸಿನ ಅಧ್ಯಾಯ ಮುಂದಕ್ಕೆ ಹೋಗದ ರಾತ್ರಿಗಳಲ್ಲಿ ನಾನು 0.3 ಅನ್ನು 0.35 ಮಾಡಿ, ಮತ್ತೆ 0.28 ಮಾಡಿ, ಸಾರಿಗೆ ಉಪ್ಪು ನೋಡಿದ ಹಾಗೆ ನೋಡಿದ್ದೇನೆ. ಒಂದು ಹಂತದಲ್ಲಿ ಕಣ್ಣಿನ ಅತಿಯಾದ ಹೊಳಪು ಇಳಿದು ಮುಖಕ್ಕೆ ಒಂದು ದಣಿವು ಬರುತ್ತದೆ. ‘ಹಾಂ, ಇದು’ ಅನ್ನಿಸುತ್ತದೆ. ಹಾಗನ್ನಿಸುವುದರಲ್ಲಿ ಅಭಿರುಚಿ ಇದೆ, ತಾಳ್ಮೆ ಇದೆ. ಒಂದು ಗೆರೆಯನ್ನೂ ನೆಟ್ಟಗೆ ಎಳೆಯಲಾರದ ನನಗೆ, ಮನಸ್ಸಿನಲ್ಲಿದ್ದ ಮುಖವೊಂದು ಎದುರಿಗೆ ಬಂದು ನಿಂತಾಗ ಆಗುವ ಬೆರಗನ್ನು ಹಗುರವಾಗಿ ಕಾಣಲಾರೆ.

ಆದರೆ ಆ ಮುಖ ಎಲ್ಲಿಂದ ಬಂತು? ಅನಿಮೆ ಮಾಡೆಲ್‌ಗಳ ವಂಶಾವಳಿಯನ್ನು ಹಿಂಬಾಲಿಸಿದರೆ ಡ್ಯಾನ್‌ಬೂರು ಎಂಬ ಚಿತ್ರತಾಣ ಎದುರಾಗುತ್ತದೆ. 2005ರಿಂದ ಇರುವ ತಾಣ. ಹೆಸರಿಗೆ ಜಪಾನೀ ಭಾಷೆಯಲ್ಲಿ ರಟ್ಟು ಎಂದರ್ಥ. ಚಿತ್ರಕಾರರು ಬೇರೆಡೆ ಪ್ರಕಟಿಸಿದ ಚಿತ್ರಗಳನ್ನು ಅಭಿಮಾನಿಗಳು ಇಲ್ಲಿಗೆ ತಂದು ಹಾಕುತ್ತಾರೆ, ಬಹುಪಾಲು ಬರೆದವರನ್ನು ಕೇಳದೆಯೇ. ತಂದು ಹಾಕಿದ ಮೇಲೆ ಒಂದೊಂದು ಚಿತ್ರಕ್ಕೂ ಹತ್ತಾರು ಟ್ಯಾಗ್ ಅಂಟಿಸುತ್ತಾರೆ: ಒಬ್ಬಳು ಹುಡುಗಿ, ಉದ್ದ ಕೂದಲು, ನೀಲಿ ಕಣ್ಣು, ಕೊಡೆ. ಪಾತ್ರದ ಹೆಸರು, ಮೂಲಕೃತಿಯ ಹೆಸರು, ಚಿತ್ರ ಬರೆದವರ ಹೆಸರು ಕೂಡ ಟ್ಯಾಗ್‌ಗಳೇ. ಯಂತ್ರಕ್ಕೆ ಪಾಠ ಹೇಳಲು ಇದಕ್ಕಿಂತ ಒಪ್ಪವಾದ ಪಠ್ಯ ಬೇಕೆ? ನಾವೆಲ್‌ಎಐ ಎಂಬ ಕಂಪನಿ ಈ ಚಿತ್ರಗಳಿಂದ ಕಲಿಸಿದ ತನ್ನ ಅನಿಮೆ ಮಾಡೆಲ್ಲನ್ನು 2022ರ ಅಕ್ಟೋಬರ್‌ನಲ್ಲಿ ಹಣ ಕೊಡುವವರಿಗೆ ತೆರೆಯಿತು. ಕೆಲವೇ ದಿನಗಳಲ್ಲಿ ಯಾರೋ ಅದನ್ನು ಕದ್ದು ಹೊರಗೆ ಹಾಕಿದರು. ಆ ಕಾಲದ ಅನೇಕ ಅನಿಮೆ ಮರ್ಜ್‌ಗಳ ಅಜ್ಜ-ಮುತ್ತಜ್ಜಂದಿರನ್ನು ಹುಡುಕುತ್ತ ಹೋದರೆ ಕೊನೆಗೆ ಮುಟ್ಟುವುದು ಆ ಸೋರಿಕೆಯನ್ನೇ.

ಇಲ್ಲಿ ನನಗೆ ವಿಚಿತ್ರವಾಗಿ ಕಂಡ ಸಂಗತಿ ಒಂದಿದೆ. ಮರ್ಜ್ ಮಾಡುವವರು ಹೆಸರಿನ ವಿಷಯದಲ್ಲಿ ಸಡಿಲ ಮಂದಿಯಲ್ಲ. ತಮ್ಮ ಮಾಡೆಲ್‌ನ ಪುಟದಲ್ಲಿ ಅಡುಗೆ ಪುಸ್ತಕದಂತೆ ಪಾಕ ಬರೆಯುತ್ತಾರೆ: ಇಂಥ ಮಾಡೆಲ್ ಇಷ್ಟು, ಇಂಥದ್ದು ಇಷ್ಟು, ಇಂಥ ಪದರದಲ್ಲಿ ಇಷ್ಟು ತೂಕ. ಆರೆಂಜ್‌ಮಿಕ್ಸ್ ಎಂಬ ಹೆಸರಾಂತ ಮರ್ಜ್ ಸರಣಿಯ ಪುಟದಲ್ಲಿ ಇಂಥ ಪಾಕಗಳು ಕೋಷ್ಟಕಗಳಾಗಿ ಇವೆ. ತನ್ನ ಮರ್ಜನ್ನು ಹೆಸರು ಹೇಳದೆ ಬಳಸಿದರು ಎಂದು ಬೇಸರಪಡುವವರೂ ಇದ್ದಾರೆ. ಅಂದರೆ ಋಣದ ಪ್ರಜ್ಞೆ ಅಲ್ಲಿ ಇದೆ. ಅದು ಒಂದು ಪದರದ ಕೆಳಗೆ ಇಳಿಯುವುದಿಲ್ಲ, ಅಷ್ಟೇ. ಮಾಡೆಲ್‌ಗೆ ಮಾಡೆಲ್‌ನ ಋಣ ಗೊತ್ತು. ಮಾಡೆಲ್‌ಗೆ ಕೈಗಳ ಋಣ ಗೊತ್ತಿಲ್ಲ. ಕಲಿಯುವಾಗ ಟ್ಯಾಗ್‌ಗಳಲ್ಲಿ ಇದ್ದ ಚಿತ್ರಕಾರರ ಹೆಸರು ಪಾಕದ ಪಟ್ಟಿಗೆ ಬರುವಷ್ಟರಲ್ಲಿ ಕಾಣೆಯಾಗಿರುತ್ತದೆ.

ನನ್ನ ಚಿಕ್ಕಮ್ಮನ ಮಗಳು ಬೆಂಗಳೂರಿನಲ್ಲಿ ಅನಿಮೇಷನ್ ಓದುತ್ತಿದ್ದಾಳೆ. ಹೈಸ್ಕೂಲಿನಿಂದಲೂ ಅವಳ ಕೈಯಲ್ಲಿ ಸ್ಕೆಚ್ ಪುಸ್ತಕ. ಕಳೆದ ದಸರಾ ರಜೆಯಲ್ಲಿ ಊರಿಗೆ ಬಂದಿದ್ದಾಗ ನನ್ನ ಮಾಡೆಲ್ ಬರೆದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಿದ್ದವಳು ಒಂದರ ಹತ್ತಿರ ನಿಂತಳು.

“ಅಕ್ಕಾ, ಈ ಕೂದಲು ಯಾರದ್ದು?”

“ಯಾರದ್ದು ಅಂದ್ರೆ? ಯಂತ್ರ ಬರೆದಿದ್ದು ಕಣೇ.”

“ಅದಲ್ಲಕ್ಕಾ. ಕಿವಿ ಹತ್ರ ಎಳೆ ಒಳಕ್ಕೆ ತಿರುಗಿ ಮತ್ತೆ ಹೊರಗೆ ಬರತ್ತಲ್ಲ, ಇದು ಅವರು ಹಾಕೋ ರೀತಿ. ನಾನು ಎರಡು ವರ್ಷ ಕಾಪಿ ಮಾಡಿದೀನಿ, ನಂಗೆ ಗೊತ್ತಾಗಲ್ವಾ?” ಎಂದು ಜಪಾನಿನ ಚಿತ್ರಕಾರ್ತಿಯೊಬ್ಬರ ಹೆಸರು ಹೇಳಿದಳು.

“ಇರಬಹುದು” ಎಂದೆ.

“ಇರಬಹುದು ಅಂದ್ರೆ? ನೀನೇ ಮಾಡಿದ್ದಲ್ವಾ, ನಿಂಗೇ ಗೊತ್ತಿಲ್ವಾ?”

ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯೂ ಇರಲಿಲ್ಲ. ಅವಳ ಊಹೆ ಸರಿಯಿರಬಹುದು, ಇಲ್ಲದಿರಲೂಬಹುದು. ಹಾಗೆ ಕೂದಲು ಬರೆಯುವವರು ಇನ್ನೂ ಹತ್ತು ಮಂದಿ ಇರಬಹುದು. ಆದರೆ ನಮ್ಮಿಬ್ಬರ ನಡುವಿನ ವ್ಯತ್ಯಾಸ ಆ ಗಳಿಗೆಯಲ್ಲಿ ಸ್ಪಷ್ಟವಾಗಿತ್ತು. ಅವಳೂ ನಕಲು ಮಾಡಿಯೇ ಕಲಿತವಳು. ಅವಳ ಹಳೆಯ ಸ್ಕೆಚ್ ಪುಸ್ತಕಗಳ ತುಂಬ ಆ ಚಿತ್ರಕಾರ್ತಿಯ ಕೂದಲೇ. ಅವನ್ನು ಇನ್‌ಸ್ಟಾಗ್ರಾಮಿಗೆ ಹಾಕುವಾಗಲೆಲ್ಲ ‘ಇವರನ್ನು ನೋಡಿ ಕಲಿಯುತ್ತಿದ್ದೇನೆ’ ಎಂದು ಹೆಸರಿನ ಸಮೇತ ಬರೆಯುತ್ತಿದ್ದಳು. ಒಂದು ಸಲ ಆ ಚಿತ್ರಕಾರ್ತಿ ಅದಕ್ಕೊಂದು ಮೆಚ್ಚುಗೆಯ ಗುರುತು ಒತ್ತಿದ್ದರಂತೆ. ಅವತ್ತಿನ ಸ್ಕ್ರೀನ್‌ಶಾಟ್ ಇವತ್ತಿಗೂ ಅವಳ ಫೋನಿನಲ್ಲಿದೆ. ಅವಳ ಋಣಕ್ಕೆ ವಿಳಾಸವಿದೆ. ನನ್ನ ಋಣಕ್ಕೆ ಇಲ್ಲ.

ಇದಕ್ಕೆ ಹಲವು ಸಮಾಧಾನಗಳುಂಟು. ಒಂದೊಂದನ್ನೂ ಗೌರವದಿಂದಲೇ ನೋಡಬೇಕು.

ಮೊದಲನೆಯದು, ಸಾಲ ಮಾಡದ ಕಲಾವಿದರಿಲ್ಲ ಎಂಬುದು. ಕಾವ್ಯಶಾಸ್ತ್ರ ಓದಿದವರಿಗೆ ರಾಜಶೇಖರನ ನೆನಪಾಗುತ್ತದೆ. ಹತ್ತನೆಯ ಶತಮಾನದ ಹೊತ್ತಿಗೇ ಅವನು ‘ಕಾವ್ಯಮೀಮಾಂಸೆ’ಯಲ್ಲಿ ಕವಿಗಳ ‘ಹರಣ’ವನ್ನು ಅಧ್ಯಾಯಗಟ್ಟಲೆ ವಿಂಗಡಿಸಿ, ಕದಿಯದ ಕವಿಯೇ ಇಲ್ಲ ಎಂಬ ನಿಲುವಿಗೆ ಬಂದಿದ್ದ. ಅನಿಮೆಯ ಚರಿತ್ರೆಯೂ ಬೇರೆಯಲ್ಲ. ಆ ದೊಡ್ಡ ಕಣ್ಣುಗಳ ಹಿಂದೆ ಇರುವ ಒಸಾಮು ತೆಜುಕಾ ಡಿಸ್ನಿಯಿಂದ ಪಡೆದರು, ತಾವು ಬೆಳೆದ ತಕರಾಜುಕಾ ಊರಿನ ಮಹಿಳಾ ರಂಗತಂಡದಿಂದ ಪಡೆದರು. ಟೋಕಿಯೊದಲ್ಲಿ 1975ರ ಡಿಸೆಂಬರ್ 21ರಂದು 32 ಗುಂಪುಗಳೊಂದಿಗೆ ಶುರುವಾದ ಕಾಮಿಕೆಟ್ ಎಂಬ ಅಭಿಮಾನಿಗಳ ಪುಸ್ತಕ ಸಂತೆ ಇವತ್ತು ಲಕ್ಷಗಟ್ಟಲೆ ಜನ ಸೇರುವ ಜಾತ್ರೆ. ಅಲ್ಲಿ ಮಾರಾಟವಾಗುವ ದೋಜಿನ್‌ಶಿ ಎಂಬ ಪುಸ್ತಕಗಳಲ್ಲಿ ಬಹಳಷ್ಟು ಬೇರೆಯವರ ಪಾತ್ರಗಳನ್ನು ಎತ್ತಿಕೊಂಡು ಬರೆದವೇ.

ಒಪ್ಪುತ್ತೇನೆ. ಆದರೆ ತೆಜುಕಾ ತಾವು ಡಿಸ್ನಿಗೆ ಋಣಿ ಎಂಬುದನ್ನು ಎಂದೂ ಮುಚ್ಚಿಡಲಿಲ್ಲ. ದೋಜಿನ್‌ಶಿಯ ಓದುಗರಿಗೆ ಮೂಲ ಗೊತ್ತಿರುತ್ತದೆ; ಗೊತ್ತಿರುವುದರಿಂದಲೇ ಅದು ರುಚಿಸುತ್ತದೆ. ಅಲ್ಲಿ ಸಾಲ ಎನ್ನುವುದು ಕೃತಿಯ ಹಣೆಯ ಮೇಲೇ ಬರೆದಿರುತ್ತದೆ. ನಮ್ಮ ಹಳಗನ್ನಡ ಕವಿಗಳಿಗೂ ಈ ಶಿಸ್ತಿತ್ತು. ಕಾವ್ಯದ ಪೀಠಿಕೆಯಲ್ಲಿ ಪೂರ್ವಕವಿಗಳನ್ನು ನೆನೆಯದೆ ಮುಂದೆ ಹೋಗುತ್ತಿರಲಿಲ್ಲ. ನನ್ನ ಸಂಶೋಧನೆ ಇಂಥ ಪೀಠಿಕೆಗಳ ಮೇಲೆಯೇ ಇರುವುದರಿಂದ ಈ ಯೋಚನೆ ನನಗೆ ಬೇಗ ಬರುತ್ತದೆ ಎಂದು ಬೇಕಾದರೆ ಹೇಳಿ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ತನಗಿಂತ ಹಿಂದಿನ ಕನ್ನಡ ಗದ್ಯಕಾರರ ಹೆಸರು ಹೇಳುತ್ತದೆ: ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಇವರ ಕನ್ನಡ ಕೃತಿ ಒಂದೂ ನಮಗೆ ಸಿಕ್ಕಿಲ್ಲ. ಬರಹವೆಲ್ಲ ಹೋಯಿತು, ಹೆಸರು ಉಳಿಯಿತು. ಯಾರೋ ಒಬ್ಬ ಹಿಂದಿನವರನ್ನು ನೆನೆಯುವುದು ತನ್ನ ಕೆಲಸದ ಭಾಗ ಎಂದುಕೊಂಡದ್ದರಿಂದ ಉಳಿಯಿತು. ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಇದರ ತಲೆಕೆಳಗು. ಅಲ್ಲಿ ಕೈಗೆಲಸ ಉಳಿದಿದೆ, ಬೇಕೆಂದಾಗ ಗುಂಡಿ ಒತ್ತಿದರೆ ಮೂಡುತ್ತದೆ, ಹೆಸರು ಹೋಗಿದೆ.

ಎರಡನೆಯ ಸಮಾಧಾನ ಇನ್ನೂ ಜಾಣತನದ್ದು. ಅನಿಮೆ ಮೊದಲಿನಿಂದಲೂ ಬಿಡಿಭಾಗಗಳ ಕಲೆಯಲ್ಲವೇ ಎಂದು ಅದು ಕೇಳುತ್ತದೆ. ಜಪಾನಿನ ಚಿಂತಕ ಹಿರೋಕಿ ಅಜುಮಾ 2001ರಲ್ಲಿ ಪ್ರಕಟಿಸಿದ, ಒಟಾಕು ಸಂಸ್ಕೃತಿಯ ಕುರಿತ ಪುಸ್ತಕದಲ್ಲಿ ಇದನ್ನೇ ವಾದಿಸಿದ್ದರು. ಹೊಸ ತಲೆಮಾರಿನ ಅಭಿಮಾನಿಗಳು ಕಥೆಗಿಂತ ಹೆಚ್ಚಾಗಿ ಬೆಕ್ಕಿನ ಕಿವಿ, ಗಂಟೆ, ಹಸಿರು ಕೂದಲು ಮೊದಲಾದ ಅಂಶಗಳಿಗೆ ಸ್ಪಂದಿಸುತ್ತಾರೆ. ಒಂದೊಂದು ಪಾತ್ರವೂ ಒಂದು ದೊಡ್ಡ ದತ್ತಸಂಗ್ರಹದಿಂದ ಆರಿಸಿ ಜೋಡಿಸಿದ್ದು ಎಂದು. ಡ್ಯಾನ್‌ಬೂರು ಹುಟ್ಟುವ ಮೊದಲೇ ಅದರ ನಕ್ಷೆ ಬರೆದಂತಿದೆ ಆ ಮಾತು. ಹಾಗಿದ್ದರೆ ಮರ್ಜ್ ಮಾಡೆಲ್ ಮಾಡಿದ್ದೇನು? ಇದ್ದ ಸಂಗತಿಯನ್ನೇ ಯಂತ್ರಕ್ಕೆ ಒಪ್ಪಿಸಿತು, ಅಷ್ಟೇ ತಾನೆ?

ಈ ವಾದ ನನ್ನನ್ನು ಬಹಳ ದಿನ ಹಿಡಿದಿಟ್ಟಿತ್ತು. ಬಿಡಿಸಿದ್ದು ಚಿಕ್ಕಮ್ಮನ ಮಗಳು ತೋರಿಸಿದ ಆ ಕೂದಲಿನ ಎಳೆ. ಬೆಕ್ಕಿನ ಕಿವಿ ಯಾರ ಸ್ವತ್ತೂ ಅಲ್ಲ, ನಿಜ. ಆದರೆ ‘ಬೆಕ್ಕಿನ ಕಿವಿ’ ಎಂಬುದನ್ನು ಯಾರೂ ಬರೆಯಲಾರರು. ಒಂದು ಕಿವಿಯನ್ನು ಬರೆಯಬೇಕು, ಒಂದು ಬಾಗಿನಲ್ಲಿ, ಒಂದು ದಪ್ಪದ ಗೆರೆಯಲ್ಲಿ. ಅಂಶ ಎಲ್ಲರದ್ದು, ಬಾಗು ಒಬ್ಬರದ್ದು. ದತ್ತಸಂಗ್ರಹಕ್ಕೂ ಇದು ಗೊತ್ತಿತ್ತು. ಕಿವಿಗೆ ಒಂದು ಟ್ಯಾಗ್, ಬರೆದವರಿಗೆ ಇನ್ನೊಂದು ಟ್ಯಾಗ್ ಇಟ್ಟಿದ್ದು ಅದಕ್ಕೇ. ಸರಾಸರಿ ಈ ಎರಡನೆಯದನ್ನೇ ಸವೆಸುತ್ತದೆ. 1870ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಅಪರಾಧಿಗಳ ಫೋಟೋಗಳನ್ನು ಒಂದರ ಮೇಲೊಂದು ಮೂಡಿಸಿ ‘ಅಪರಾಧಿಯ ಮುಖ’ ಕಂಡುಹಿಡಿಯಲು ಹೊರಟಿದ್ದ. ಅವನಿಗೆ ಸಿಕ್ಕಿದ್ದು ಮೂಲದ ಮುಖಗಳಿಗಿಂತ ನಯವಾದ ಮುಖ. ಒಬ್ಬೊಬ್ಬರ ವಕ್ರತೆ ಮತ್ತೊಬ್ಬರ ವಕ್ರತೆಯಲ್ಲಿ ಕರಗಿ ಹೋಗಿತ್ತು. ಮರ್ಜ್ ಮಾಡೆಲ್‌ಗಳು ಬರೆಯುವ ಮುಖಗಳನ್ನು ಸಾಲಾಗಿ ಇಟ್ಟು ನೋಡಿ, ಅಕ್ಕತಂಗಿಯರಂತೆ ಕಾಣುತ್ತವೆ. ಆ ನಯಕ್ಕೆ ನಾವು ಮರುಳಾಗುತ್ತೇವೆ. ಆದರೆ ಒಬ್ಬರ ಕೈಯನ್ನು ಗುರುತಿಸುವುದು ಆ ಕೈಯ ವಕ್ರತೆಯಿಂದಲೇ.

ಮೂರನೆಯದು ಕಾನೂನಿನ ಸಮಾಧಾನ. ಜಪಾನ್ 2018ರಲ್ಲಿ ತನ್ನ ಹಕ್ಕುಸ್ವಾಮ್ಯ ಕಾಯ್ದೆಯನ್ನು ತಿದ್ದಿತು. 30-4ನೆಯ ವಿಧಿ 2019ರ ಜನವರಿಯಿಂದ ಜಾರಿಯಲ್ಲಿದೆ. ಒಂದು ಕೃತಿಯಲ್ಲಿರುವ ಭಾವ-ವಿಚಾರಗಳನ್ನು ಆಸ್ವಾದಿಸುವ ಉದ್ದೇಶ ಇಲ್ಲದಿದ್ದರೆ, ಮಾಹಿತಿ ವಿಶ್ಲೇಷಣೆಯಂಥ ಕೆಲಸಕ್ಕೆ ಅನುಮತಿಯಿಲ್ಲದೆ ಬಳಸಬಹುದು, ಹಕ್ಕುದಾರರಿಗೆ ಅನ್ಯಾಯವಾಗುವಂತಿರಬಾರದು ಎಂಬುದು ಅದರ ತಿರುಳು. ರಸಸಿದ್ಧಾಂತ ಓದಿದವರಿಗೆ ಇದು ಕುತೂಹಲದ ಮಾತು. ಯಂತ್ರ ಸಹೃದಯ ಅಲ್ಲ, ಅದು ನೋಡುತ್ತದೆಯೇ ಹೊರತು ಸವಿಯುವುದಿಲ್ಲ, ಆದ್ದರಿಂದ ಅದಕ್ಕೆ ಅನುಮತಿ ಬೇಕಿಲ್ಲ ಎಂದು ಕಾನೂನು ಹೇಳಿದಂತಾಯಿತು. ಸರಿ, ಯಂತ್ರ ಸವಿಯುವುದಿಲ್ಲ. ಆದರೆ ಈ ಕಡೆ ಕೂತ ನಾನು ಸವಿಯುತ್ತೇನಲ್ಲ? ಕಲಿಕೆಯಲ್ಲಿ ಇಲ್ಲದ ಆಸ್ವಾದ ಕೊನೆಗೆ ನನ್ನ ಪರದೆಯ ಮೇಲೆ ಬಂದು ಕೂರುತ್ತದೆ. ಅಲ್ಲಿನ ಸಾಂಸ್ಕೃತಿಕ ವ್ಯವಹಾರಗಳ ಸಂಸ್ಥೆಯೂ 2024ರ ಮಾರ್ಚ್‌ನಲ್ಲಿ ಈ ಬಿರುಕನ್ನು ಗಮನಿಸಿತು: ಕಲಿಕೆಯ ಚಿತ್ರಗಳ ಸೃಜನಶೀಲ ಅಭಿವ್ಯಕ್ತಿಯನ್ನೇ ಮತ್ತೆ ಹೊರತರುವ ಉದ್ದೇಶವಿದ್ದರೆ ಈ ವಿನಾಯಿತಿ ಅನ್ವಯಿಸದು, ಬರೀ ಶೈಲಿ ಮಾತ್ರ ಹಕ್ಕುಸ್ವಾಮ್ಯಕ್ಕೆ ಒಳಪಡದು ಎಂದಿತು. ಕಾನೂನು ಅಷ್ಟು ಹೇಳಬಹುದು. ಶೈಲಿಯ ಋಣ ಕೋರ್ಟಿನಲ್ಲಿ ವಸೂಲಿಯಾಗುವ ಸಾಲ ಅಲ್ಲ. ವಸೂಲಿ ಆಗದ್ದರಿಂದ ಅದು ಇಲ್ಲವೆಂದಾಗುವುದಿಲ್ಲ. ನಮಗೆ ಅಕ್ಷರ ಕಲಿಸಿದವರ ಋಣವನ್ನೂ ಯಾರೂ ಕೋರ್ಟಿಗೆ ಒಯ್ಯುವುದಿಲ್ಲ.

ಇಷ್ಟಾಗಿಯೂ ನನಗೆ ಎಲ್ಲಕ್ಕಿಂತ ಹೆಚ್ಚು ಹೇಳಿದ್ದು ಒಂದು ಘಟನೆ. ಕೊರಿಯಾದ ಹೆಸರಾಂತ ಚಿತ್ರಕಾರ ಕಿಮ್ ಜುಂಗ್ ಗಿ 2022ರ ಅಕ್ಟೋಬರ್ 3ರಂದು ತೀರಿಕೊಂಡರು. ಪೆನ್ಸಿಲ್ ಗೆರೆಯ ಸಹಾಯವೂ ಇಲ್ಲದೆ ದೊಡ್ಡ ಗೋಡೆಗಳ ತುಂಬ ನೆನಪಿನಿಂದಲೇ ಬರೆಯುತ್ತಿದ್ದವರು. ಕೆಲವೇ ದಿನಗಳಲ್ಲಿ ಒಬ್ಬಾತ ಅವರ ಚಿತ್ರಗಳಿಂದ ಕಲಿಸಿದ ಮಾಡೆಲ್ ಒಂದನ್ನು ಗೌರವಾರ್ಪಣೆ ಎಂದು ಬಿಡುಗಡೆ ಮಾಡಿದ. ಚಿತ್ರಕಾರರ ಲೋಕ ಸಿಡಿದೆದ್ದಿತು. ಸಹಜವೇ. ಆದರೆ ಗಮನಿಸಿ: ಆ ಸಿಟ್ಟು ಸಾಧ್ಯವಾಗಿದ್ದು ಅಲ್ಲಿ ಒಂದು ಹೆಸರಿದ್ದುದರಿಂದ. ಅದೇ ಮಾಡೆಲ್ಲನ್ನು ಯಾರಾದರೂ 0.1 ತೂಕದಲ್ಲಿ ಇನ್ನೊಂದಕ್ಕೆ, ಆಮೇಲೆ ಅದನ್ನು ಮತ್ತೊಂದಕ್ಕೆ ಬೆರೆಸಿದ್ದರೆ? ಗೆರೆ ಉಳಿಯುತ್ತಿತ್ತು, ಸಿಟ್ಟು ಕರಗುತ್ತಿತ್ತು. ಒಬ್ಬರಿಂದ ತೆಗೆದರೆ ಕೃತಿಚೌರ್ಯ, ಹತ್ತು ಮಂದಿಯಿಂದ ತೆಗೆದರೆ ಸಂಶೋಧನೆ ಎಂದು ನಮ್ಮ ವಿಭಾಗಗಳಲ್ಲಿ ಒಂದು ಹಳೆಯ ಚಟಾಕಿ ಇದೆ. ನಾವು ನಗುವುದು ಅದು ಸುಳ್ಳೆಂದು ಗೊತ್ತಿರುವುದರಿಂದ. ಹತ್ತು ಮಂದಿಯಿಂದ ತೆಗೆದರೆ ಹತ್ತು ಅಡಿಟಿಪ್ಪಣಿ ಬರೆಯಬೇಕು. ಯುಜಿಸಿಯ 2018ರ ನಿಯಮದ ಪ್ರಕಾರ ನನ್ನ ಪ್ರಬಂಧದಲ್ಲಿ ಹೋಲಿಕೆ ಶೇಕಡಾ 10 ದಾಟಿದರೆ ಉತ್ತರ ಕೊಡಬೇಕಾದವಳು ನಾನು. ಅದೇ ಲ್ಯಾಪ್‌ಟಾಪಿನಲ್ಲಿ ಮೂಡುವ ಚಿತ್ರ ಪೂರ್ತಿ ಪರರ ಕೈಗಳಿಂದ ಆದದ್ದು, ಆದರೂ ಯಾವ ಒಬ್ಬರೊಂದಿಗೂ ಅದರ ಹೋಲಿಕೆ ಶೇಕಡಾ ಒಂದನ್ನೂ ಮುಟ್ಟದಿರಬಹುದು. ಮರ್ಜ್ ಎಂಬ ತಂತ್ರದ ನೈತಿಕ ಸ್ವರೂಪ ಇದು ಎಂದು ನನಗನ್ನಿಸುತ್ತದೆ. ಅದು ಶೈಲಿಗಳ ಜೊತೆಗೆ ಹೊಣೆಯನ್ನೂ ಸರಾಸರಿ ಮಾಡುತ್ತದೆ. ಎಲ್ಲರ ಪಾಲೂ ನಗಣ್ಯವಾಗುವ ತನಕ.

ಇಲ್ಲಿ ನನ್ನ ಗುರುಗಳೊಬ್ಬರು ಎತ್ತಿದ ಆಕ್ಷೇಪವನ್ನು ಬಿಡುವಂತಿಲ್ಲ. “ಜನಪದ ಹಾಡಿಗೆ ಹೆಸರಿದೆಯೇನಮ್ಮ? ಬೀಸುವ ಪದ ಕಟ್ಟಿದವಳು ಯಾರು? ಅನಾಮಿಕತೆ ಒಂದು ದೊಡ್ಡ ಗುಣವೂ ಹೌದಲ್ಲ” ಎಂದರು. ಹೌದು. ಆದರೆ ಬೀಸುವ ಪದವನ್ನು ಪಡೆದವಳು ತಾನೂ ಕಲ್ಲಿನ ಮುಂದೆ ಕೂತು ಬೀಸಿದಳು, ಹಾಡಿದಳು, ತನ್ನದೊಂದು ನುಡಿ ಸೇರಿಸಿ ಮಗಳಿಗೆ ಕೊಟ್ಟಳು. ಋಣ ಹಿಂದಕ್ಕೆ ತೀರದಿದ್ದರೂ ಮುಂದಕ್ಕೆ ತೀರಿತು. ಆ ವಲಯದೊಳಗೆ ಪಡೆಯುವವರೂ ಕೊಡುವವರೂ ಒಂದೇ ಮಂದಿ. ಅಲ್ಲಿ ಹೆಸರನ್ನು ಯಾರೂ ಕಿತ್ತುಕೊಳ್ಳಲಿಲ್ಲ, ಹೆಸರು ಬೇಕಾಗಿರಲಿಲ್ಲ. ಇಲ್ಲಿಯ ಕಥೆ ಹಾಗಿಲ್ಲ. ಚಿತ್ರದ ಮೂಲೆಯಲ್ಲಿ ಸಹಿ ಹಾಕಿದ, ಆ ಸಹಿಯಿಂದಲೇ ಮುಂದಿನ ಕೆಲಸ ಸಿಗುವ, ಬದುಕಿರುವ ಜನ ಅವರು. ಹಾಗಾಗಿಯೇ ಅವರು ಸುಮ್ಮನೆ ಕೂರಲೂ ಇಲ್ಲ. 2022ರ ನವೆಂಬರ್ ಕೊನೆಯಲ್ಲಿ ಕ್ಲಿಪ್ ಸ್ಟುಡಿಯೋ ಪೇಂಟ್ ಎಂಬ ಚಿತ್ರಕಾರರ ಸಾಫ್ಟ್‌ವೇರ್ ಇಂಥ ಯಂತ್ರವನ್ನು ಸೇರಿಸುವುದಾಗಿ ಹೇಳಿ, ಬಳಕೆದಾರರ ವಿರೋಧದಿಂದ ಕೆಲವೇ ದಿನಗಳಲ್ಲಿ ಹಿಂದೆ ಸರಿಯಿತು. 2023ರ ಮೇ ತಿಂಗಳಲ್ಲಿ ಪಿಕ್ಸಿವ್ ತನ್ನ ಫ್ಯಾನ್‌ಬಾಕ್ಸ್ ತಾಣದಲ್ಲಿ ಎಐ ಚಿತ್ರಗಳನ್ನು ನಿಷೇಧಿಸಿತು.

ಹೆಸರಿನ ಪ್ರಶ್ನೆ ಎಷ್ಟು ದೂರ ಹೋಗಬಹುದು ಎಂಬುದಕ್ಕೆ 2023ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಜಪಾನ್ ಹೊರತಂದ ‘ನಾಯಿ ಮತ್ತು ಹುಡುಗ’ ಎಂಬ ಮೂರು ನಿಮಿಷದ ಕಿರುಚಿತ್ರ ಸಾಕ್ಷಿ. ಅದರ ಹಿನ್ನೆಲೆ ದೃಶ್ಯಗಳಿಗೆ ಎಐ ಬಳಸಿದ್ದರು. ಕೊನೆಯ ಹೆಸರುಗಳ ಪಟ್ಟಿಯಲ್ಲಿ ಹಿನ್ನೆಲೆ ಬರೆದವರ ಜಾಗದಲ್ಲಿ ‘ಎಐ’ ಎಂದಿತ್ತು, ಅದರ ಪಕ್ಕ ಕಂಸದೊಳಗೆ ‘ಮನುಷ್ಯ’ ಎಂದಿತ್ತು. ಕೂತು ಕೆಲಸ ಮಾಡಿದ ಆ ಮನುಷ್ಯರಿಗೆ ಹೆಸರಿರಲಿಲ್ಲವೇ?

ಇತ್ತೀಚೆಗೆ ಇದೇ ಪ್ರಶ್ನೆ ನನ್ನ ಬಾಗಿಲಿಗೂ ಬಂತು. ನಾವು ಗೆಳೆಯರು ಸೇರಿ ತರುವ ಸಣ್ಣ ಪತ್ರಿಕೆಯ ಕಥಾ ವಿಶೇಷಾಂಕಕ್ಕೆ ಮುಖಪುಟ ಬೇಕಿತ್ತು. ಪ್ರತಿ ಸಲ ಚಿತ್ರಕಾರರಿಗೆ ಎರಡು ಸಾವಿರ ರೂಪಾಯಿ ಕೊಡುವುದೇ ನಮಗೆ ಕಷ್ಟ. “ನಿನ್ನ ಹತ್ರ ಆ ಮಾಡೆಲ್ ಇದೆಯಲ್ಲ, ಒಂದು ತೆಗೆದುಕೊಡು, ಮುದ್ರಣಕ್ಕೆ ದುಡ್ಡು ಉಳಿಯುತ್ತೆ” ಎಂದರು. ಕೇಳಿದ್ದರಲ್ಲಿ ದುರುದ್ದೇಶವಿರಲಿಲ್ಲ. ಆದರೆ ಪತ್ರಿಕೆಯ ಒಳಪುಟದಲ್ಲಿ ‘ಮುಖಪುಟ ಚಿತ್ರ’ ಎಂದು ಒಂದು ಸಾಲಿದೆ. ಅದರ ಮುಂದೆ ಏನು ಬರೆಯುವುದು? ನನ್ನ ಹೆಸರು ಬರೆದರೆ ಅದು ಅತಿಯಾಯಿತು. ನಾನು ಮಾಡಿದ್ದು ಉಪ್ಪು ನೋಡುವ ಕೆಲಸ. ಮಾಡೆಲ್‌ನ ಹೆಸರು ಬರೆದರೆ ಅದು ಅರ್ಧಸತ್ಯ. ಖಾಲಿ ಬಿಟ್ಟರೆ ಆ ಸಾಲು ಯಾಕಿದೆ ಎಂಬುದನ್ನೇ ಮರೆತಂತೆ. ನಾನು ಒಲ್ಲೆ ಎಂದೆ. ಕೊನೆಗೆ ಚಿಕ್ಕಮ್ಮನ ಮಗಳ ಸಹಪಾಠಿಯೊಬ್ಬ ಬರೆದುಕೊಟ್ಟ. ಬಸ್ ನಿಲ್ದಾಣದ ಚಿತ್ರ. ಛಾವಣಿಯ ಗೆರೆ ಸ್ವಲ್ಪ ವಾಲಿದೆ, ಹುಡುಗಿಯ ಕೈ ಬೇಕಾದ್ದಕ್ಕಿಂತ ತುಸು ದೊಡ್ಡದಿದೆ. ಆ ಸಾಲಿನ ಮುಂದೆ ಅವನ ಹೆಸರಿದೆ.

ನನ್ನ ಫೈಲನ್ನು ನಾನು ಅಳಿಸಿಲ್ಲ. ಅಳಿಸಿದ ಮಾತ್ರಕ್ಕೆ ಅದರೊಳಗಿನ ಯಾರಿಗೂ ಏನೂ ಹಿಂದಿರುಗುವುದಿಲ್ಲ. ರಾತ್ರಿ ನನಗಾಗಿ ನಾನೇ ಒಂದು ಮುಖ ಮೂಡಿಸಿಕೊಳ್ಳುವುದಕ್ಕೂ, ಹೆಸರಿನ ಸಾಲಿರುವ ಜಾಗಕ್ಕೆ ಆ ಮುಖವನ್ನು ಕೊಡುವುದಕ್ಕೂ ಅಂತರ ಇದೆ ಎಂದು ಸದ್ಯಕ್ಕೆ ನಂಬಿದ್ದೇನೆ. ಆ ಸಾಲು ಮುಂದಿನ ಕೆಲಸಕ್ಕೆ ದಾರಿ, ಕೂಲಿಗೆ ಆಧಾರ. ಹೆಸರಿಲ್ಲದ ಚಿತ್ರ ಅಲ್ಲಿ ಕೂತಷ್ಟೂ ಹೆಸರಿರುವವರಿಗೆ ಜಾಗ ಕಡಿಮೆ. ಈ ಅಂತರ ಎಷ್ಟು ದಿನ ಗಟ್ಟಿಯಾಗಿ ನಿಲ್ಲುತ್ತದೋ ಖಚಿತವಿಲ್ಲ.

ಬೇರೆ ದಾರಿ ಇಲ್ಲವೆಂದೇನೂ ಇಲ್ಲ. ಜಪಾನಿನಲ್ಲೇ ಮಿತ್ಸುವಾ ಎಂಬ ಮಾಡೆಲ್ಲನ್ನು ಸಾರ್ವಜನಿಕ ಸ್ವತ್ತಾದ ಚಿತ್ರಗಳು ಮತ್ತು ಅನುಮತಿ ಸಿಕ್ಕ ಚಿತ್ರಗಳಿಂದಲೇ, ಮೊದಲಿನಿಂದ ಕಟ್ಟಿದರು. ಅದು ಬರೆಯುವ ಚಿತ್ರಗಳು ನನ್ನ ಮರ್ಜ್‌ನಷ್ಟು ಕಣ್ಣು ಕೋರೈಸುವುದಿಲ್ಲ. ಆ ಕಡಿಮೆ ಹೊಳಪನ್ನು ನೋಡಿದಾಗ, ನನ್ನ ಫೈಲಿನ ಹೊಳಪಿನಲ್ಲಿ ಎಷ್ಟು ಪಾಲು ಕೇಳದೆ ತಂದದ್ದು ಎಂಬ ಅಂದಾಜು ಸಿಗುತ್ತದೆ. ಪೂರ್ವಕವಿಗಳನ್ನು ನೆನೆಯುತ್ತಿದ್ದ ನಮ್ಮ ಕವಿಗಳಿಗೆ ಯಾರೂ ಕಾನೂನು ಮಾಡಿ ಹೇಳಿರಲಿಲ್ಲ. ಪಡೆದದ್ದನ್ನು ಹೇಳಿ ಮುಂದಕ್ಕೆ ಹೋಗುವುದು ಬರೆಯುವ ಕೆಲಸದ ಭಾಗ ಎಂದು ಅವರು ತಿಳಿದಿದ್ದರು, ಅಷ್ಟೇ. ಮಾಡೆಲ್ ಕಟ್ಟುವವರಿಗೂ ಬೆರೆಸುವವರಿಗೂ ಆ ತಿಳಿವು ಬರುವ ತನಕ, ಯಾರಿಗೆ ಎಂದು ಗೊತ್ತಿಲ್ಲದ ನನ್ನ ಋಣವನ್ನು ಗೊತ್ತಿರುವವರಿಗೆ ತೀರಿಸುವುದೊಂದೇ ನನಗೆ ಕಾಣುವ ದಾರಿ. ಮುಂದಿನ ಸಂಚಿಕೆಗೂ ಎರಡು ಸಾವಿರ ರೂಪಾಯಿ ತೆಗೆದಿಟ್ಟಿದ್ದೇವೆ.